ಗರ್ಭಕಂಠದ ಕ್ಯಾನ್ಸರ್: ಕರೆಂಟು ಕೊಡುವ ಮುಂಚೆ ನೀರು ಕುಡಿಸುವುದೇಕೆ?

(ಉಳ್ಳಾರ್ತಿ ಕಾವಲ್ ಸುತ್ತಮುತ್ತಲಿನ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣದ ಪಠ್ಯ)



ಇಂದಿನ ಕಾರ್ಯಕ್ರಮದಲ್ಲಿ ನನ್ನ ಹೆಸರಿನ ಮುಂದೆ ಕೆಚ್ಚಲು ಬಾವು ಎಂದು ಬರೆದಿದ್ದಾರೆ. ಆ ವಿಷಯವನ್ನು ಮುಂದಿನ ಸಭೆಯಲ್ಲಿ ಖಂಡಿತ ಹೇಳುತ್ತೇನೆ. ಇಂದು ಬೇರೊಂದು ವಿಷಯ ಹೇಳಲು ತಮ್ಮ ಅಪ್ಪಣೆ ಬೇಡುತ್ತೇನೆ. ದನದ ಡಾಕ್ಟರಿಗೆ ಹೆಂಗಸರ ಕಾಯಿಲೆಯ ಮಾತು ಯಾಕೆ ಎಂದು ಹಿಂದಿನ ಸಾಲಿನ ಯಜಮಾನರು ನಗುವುದು ನನಗೆ ಕಾಣುತ್ತಿದೆ. ಯಾಕೆಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

ನನ್ನ ಸ್ವಂತ ಅಕ್ಕ ಮೊಳಕಾಲ್ಮುರು ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ. ಐವತ್ತು ದಾಟಿದೆ. ಎರಡು ಮಿಶ್ರತಳಿ ಹಸು, ಒಂದು ಎಮ್ಮೆ ಕಟ್ಟಿದ್ದಾಳೆ. ಎಮ್ಮೆಗೆ ಬಿಳಿ ಹೋಗುತ್ತಿದೆ, ಕಟ್ಟುತ್ತಿಲ್ಲ ಎಂದು ಹೇಳಿ ಕಳಿಸಿದಾಗ ಒಂದೇ ವರ್ಷದಲ್ಲಿ ಮೂರು ಸಲ ಹೋಗಿ ಗರ್ಭಕೋಶಕ್ಕೆ ಔಷಧಿ ಬಿಟ್ಟು ಬಂದೆ. ಅದೇ ವರ್ಷ ಅಕ್ಕನಿಗೆ ಮುಟ್ಟು ನಿಂತು ಎಷ್ಟೋ ಕಾಲವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ದುರ್ವಾಸನೆಯ ಬಿಳಿಯೂ ಹೋಗುತ್ತಿತ್ತು. ಆಕೆ ಹೇಳಲಿಲ್ಲ, ನಾನು ಕೇಳಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಬಗ್ಗೆ ಹತ್ತು ಪ್ರಶ್ನೆ ಕೇಳಿದ ನಾನು ಪಡಸಾಲೆಯಲ್ಲಿ ಕಾಫಿ ಕುಡಿದು ಎದ್ದು ಬಂದೆ. ಕೊನೆಗೆ ಆಕೆಯ ಸೊಸೆ ಬಾಯಿ ಬಿಟ್ಟಳು. ಪರೀಕ್ಷೆ ಮಾಡಿಸಿದಾಗ ಗರ್ಭಕಂಠದ ಕ್ಯಾನ್ಸರ್, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಈ ಮಾತನ್ನು ಸಭೆಯಲ್ಲಿ ಹೇಳಲು ಅಕ್ಕನ ಒಪ್ಪಿಗೆ ಪಡೆದೇ ಬಂದಿದ್ದೇನೆ. "ಹೇಳು, ನನ್ನಂಗೆ ಬಾಯ್ ಮುಚ್ಕೊಂಡಿರೋರು ಅಲ್ಲೂ ಅವ್ರೆ" ಎಂದಳು.

ನಿಜ, ಇದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 1 ಲಕ್ಷ 27 ಸಾವಿರ ಹೆಣ್ಣುಮಕ್ಕಳಿಗೆ ಹೊಸದಾಗಿ ಈ ಕಾಯಿಲೆ ಬಂದಿತು. ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಇದಕ್ಕೆ ಕಾರಣ ಒಂದು ಜಾತಿಯ ನರುಳ್ಳೆ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂದಿದೆ. ನಮ್ಮ ಕರುಗಳ ಕುತ್ತಿಗೆ, ಕೆಚ್ಚಲ ಮೇಲೆ ಏಳುವ ನರುಳ್ಳೆಯೂ ಅದೇ ಕುಟುಂಬದ ವೈರಸ್ಸಿನಿಂದಲೇ ಬರುತ್ತದೆ. ಆದರೆ ಹೆದರಬೇಡಿ, ದನದ ನರುಳ್ಳೆಯಿಂದ ಹೆಂಗಸರಿಗೆ ಕ್ಯಾನ್ಸರ್ ಬರುವುದಿಲ್ಲ. ಎರಡೂ ಬೇರೆ ಬೇರೆ.

ಅಕ್ಕನಿಗೆ ಕಾಯಿಲೆ ಮುಂದುವರಿದಿದ್ದರಿಂದ ಆಪರೇಷನ್ ಬೇಡ, ವಿಕಿರಣ ಚಿಕಿತ್ಸೆ ಕೊಡೋಣ ಎಂದರು. ನಮ್ಮ ಕಡೆ ಇದಕ್ಕೆ 'ಕರೆಂಟು ಕೊಡುವುದು' ಎನ್ನುತ್ತಾರೆ. ಕರೆಂಟೂ ಅಲ್ಲ, ಶಾಕೂ ಅಲ್ಲ. ಎಕ್ಸ್‌ರೇಯಂಥದೇ ಕಿರಣ, ಅದಕ್ಕಿಂತ ಬಹಳ ಬಲವಾದದ್ದು. ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಸಲ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧಿಯ ಡ್ರಿಪ್. ಆಮೇಲೆ ಒಳಗಿನಿಂದ ಕೊಡುವ ವಿಕಿರಣ. ಇಷ್ಟೂ 8 ವಾರದೊಳಗೆ ಮುಗಿಯಬೇಕು. ನಡುವೆ ಬಿಟ್ಟು ದಿನ ಬೆಳೆಸಿದಷ್ಟೂ ಕಾಯಿಲೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನವೂ ಹೀಗೆ ನಡೆಯುತ್ತಿತ್ತು: ಮೊದಲು ಮೂತ್ರ ಮಾಡಿ ಬರಬೇಕು. ಆಮೇಲೆ ಅರ್ಧ ಲೀಟರ್ ನೀರು ಕುಡಿದು ಒಂದು ಗಂಟೆ ಕಾಯಬೇಕು. ಮತ್ತೆ ಮೂತ್ರ ಮಾಡದೆ, ತಡೆದುಕೊಂಡು ಮೇಜಿನ ಮೇಲೆ ಮಲಗಬೇಕು. ಒಂದು ವಾರ ಹೀಗೆ ಸರಿಯಾಗಿ ನಡೆಯಿತು. ಎರಡನೆಯ ವಾರದಲ್ಲಿ ಒಂದು ದಿನ ಮೇಜಿನ ಮೇಲೆ ಮಲಗಿಸಿ, ಸ್ಕ್ಯಾನ್ ನೋಡಿ, "ಅಮ್ಮಾ, ಮೂತ್ರಕೋಶ ತುಂಬಿಲ್ಲ, ಎದ್ದು ಹೋಗಿ ಇನ್ನಷ್ಟು ನೀರು ಕುಡಿದು ಬನ್ನಿ" ಎಂದು ಇಳಿಸಿದರು. ಎರಡು ದಿನ ಬಿಟ್ಟು, ಹೊಟ್ಟೆಯಲ್ಲಿ ವಾಯು ತುಂಬಿದೆ ಎಂದು ಮತ್ತೆ ಇಳಿಸಿದರು. ಯಾಕೆ ಎಂದು ಆಕೆಗೆ ತಿಳಿಯುವ ಹಾಗೆ ಯಾರೂ ಹೇಳಲಿಲ್ಲ. ಹೊರಗೆ ನೂರು ಜನ ಕಾಯುವಾಗ ಅವರಿಗೂ ಪುರುಸೊತ್ತಿರಲಿಲ್ಲ. ಆ ಶನಿವಾರ ಅಕ್ಕ ಊರಿಗೆ ಬಂದವಳು ಸೋಮವಾರ ಹೋಗುವುದಿಲ್ಲ ಎಂದು ಕೂತುಬಿಟ್ಟಳು. "ನೀರು ಕುಡ್ಸೋದು, ಕಾಯ್ಸೋದು, ಎಬ್ಸಿ ಕಳ್ಸೋದು. ಇಲ್ಲಿ ಹಸ ಕರೆಯೋರಿಲ್ಲ. ನಾನೇನ್ ಅಲ್ಲಿ ನೀರು ಕುಡಿಯಾಕ್ ಹೋಗ್ಬೇಕಾ?"

ನಾನು ಭಾನುವಾರ ಹೋದೆ. ಆ ಹೊತ್ತಿಗೆ ಆಕೆಯ ಒಂದು ಹಸುವಿಗೆ ಗರ್ಭ ತಪಾಸಣೆಯೂ ಆಗಬೇಕಿತ್ತು. ಕೈಗವಸು ಹಾಕಿಕೊಂಡು ಕೊಟ್ಟಿಗೆಯಲ್ಲಿ ನಿಂತಾಗ ನನಗೇ ಹೊಳೆಯಿತು. ಅಕ್ಕನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ.

ತಾವೆಲ್ಲ ನೋಡಿದ್ದೀರಿ. ಹಸುವಿನ ಗುದನಾಳದಲ್ಲಿ ಕೈ ಇಳಿಸಿದರೆ ಅದರ ಕೆಳಗೆ ಗರ್ಭಕಂಠ ಸಿಗುತ್ತದೆ, ಗಟ್ಟಿ ಕೊಳವೆಯಂತೆ. ಅದರಿಂದ ಮುಂದಕ್ಕೆ ಗರ್ಭಕೋಶದ ಎರಡು ಕೊಂಬು. ಎಲ್ಲಕ್ಕೂ ಕೆಳಗೆ ಮೂತ್ರಕೋಶ. ಪುಸ್ತಕದ ಚಿತ್ರದಲ್ಲಿ ಇವೆಲ್ಲ ಗೆರೆ ಎಳೆದಂತೆ ಒಂದೇ ಕಡೆ ಇರುತ್ತವೆ. ಹಸುವಿನೊಳಗೆ ಹಾಗಿಲ್ಲ. ಎಡಗಡೆ ಮೇವು ತುಂಬಿದ ದೊಡ್ಡ ಹೊಟ್ಟೆ ಇರುವುದರಿಂದ ಗಬ್ಬದ ಗರ್ಭಕೋಶ ಬಲಕ್ಕೆ ಸರಿಯುತ್ತದೆ. ನಾಲ್ಕು ತಿಂಗಳಾಗುವ ಹೊತ್ತಿಗೆ ಮುಂದಕ್ಕೆ, ಕೆಳಕ್ಕೆ ಜಾರಿಬಿಡುತ್ತದೆ. ಹಸು ಮೂತ್ರ ಮಾಡಿರದಿದ್ದರೆ ಮೂತ್ರಕೋಶ ಉಬ್ಬಿ ಗರ್ಭಕೋಶವನ್ನು ಪಕ್ಕಕ್ಕೆ ತಳ್ಳುತ್ತದೆ. ಹೊಸದಾಗಿ ಕೆಲಸ ಕಲಿಯುವವರು ತುಂಬಿದ ಮೂತ್ರಕೋಶ ಮುಟ್ಟಿ "ಎರಡೂವರೆ ತಿಂಗಳ ಗಬ್ಬ" ಎಂದು ಹೇಳಿದ್ದುಂಟು. ನಾನೂ ಹೇಳಿದ್ದೇನೆ, ಅಷ್ಟರಲ್ಲಿ ಹಸು ಮೂತ್ರ ಮಾಡಿ ಗಬ್ಬವೇ ಮಾಯವಾಯಿತು. ಊರವರು ಈಗಲೂ ನೆನೆಸಿಕೊಂಡು ನಗುತ್ತಾರೆ.

ಇನ್ನು ಕೃತಕ ಗರ್ಭಧಾರಣೆ ಮಾಡುವಾಗ ನಾವೇನು ಮಾಡುತ್ತೇವೆ? ಒಂದು ಕೈಯಲ್ಲಿ ಗರ್ಭಕಂಠವನ್ನು ಹಿಡಿದು, ಅಲುಗದಂತೆ ನಿಲ್ಲಿಸಿಕೊಂಡು, ಆಮೇಲೆ ಗನ್ ತೂರಿಸುತ್ತೇವೆ. ಹಿಡಿಯದೆ ತೂರಿಸಿದರೆ ಎಲ್ಲೋ ಚುಚ್ಚಿ, ಎಲ್ಲೋ ವೀರ್ಯ ಬಿಟ್ಟು ಬರಬೇಕಾಗುತ್ತದೆ. "ಅಕ್ಕಾ, ಆ ಮಿಷನ್ನಿಗೆ ಕೈ ಇಲ್ಲ. ಒಳಗೆ ಕೈ ಹಾಕಿ ಹಿಡಿದುಕೊಳ್ಳಲಾರದು. ಅದಕ್ಕೆ ನೀನು ಕುಡಿದ ನೀರೇ ಕೈ" ಎಂದೆ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನನ್ ಗರ್ಭಕೋಶ ಒಳಗೆ ಓಡಾಡ್ತೈತೇನೋ?" ಎಂದು ಕೇಳಿದಳು.

ಓಡಾಡುತ್ತದೆ. ಹೆಂಗಸರಲ್ಲಿ ಗರ್ಭಕೋಶವು ಮೂತ್ರಕೋಶದ ಮೇಲೆ ಒರಗಿಕೊಂಡಂತೆ ಇರುತ್ತದೆ. ಹಿಂದೆ ಗುದನಾಳ, ಮೇಲೆ ಸಣ್ಣ ಕರುಳು. ಮೂತ್ರಕೋಶ ತುಂಬಿದರೆ ಗರ್ಭಕೋಶ ಮೇಲಕ್ಕೆ ಏಳುತ್ತದೆ. ಖಾಲಿಯಾದರೆ ಕೆಳಕ್ಕೆ ಬಾಗುತ್ತದೆ. ಕೆಲವರಲ್ಲಿ ಅದರ ತುದಿ ಹಲವು ಸೆಂಟಿಮೀಟರ್ ಸರಿಯುತ್ತದೆ. ಗರ್ಭಕಂಠ ಅಷ್ಟು ಸರಿಯದಿದ್ದರೂ ಒಂದೆರಡು ಸೆಂಟಿಮೀಟರ್ ಹೋಗಬಹುದು. ಗುದನಾಳದಲ್ಲಿ ಮಲ, ವಾಯು ತುಂಬಿದರೆ ಹಿಂದಿನಿಂದ ಮುಂದಕ್ಕೆ ತಳ್ಳುತ್ತದೆ. ಮೊದಲ ದಿನ ಸ್ಕ್ಯಾನ್ ಮಾಡಿ ಇಂಥ ಜಾಗಕ್ಕೆ ಕಿರಣ ಬೀಳಬೇಕು ಎಂದು ಲೆಕ್ಕ ಹಾಕಿರುತ್ತಾರೆ. ಯಂತ್ರ ಆ ಲೆಕ್ಕ ಬಿಟ್ಟು ಅಲುಗುವುದಿಲ್ಲ. ಗಡ್ಡೆ ಅಲುಗಿದರೆ ಕಿರಣ ಗಡ್ಡೆಯನ್ನು ಬಿಟ್ಟು ಕರುಳಿನ ಮೇಲೋ ಮೂತ್ರಕೋಶದ ಮೇಲೋ ಬೀಳುತ್ತದೆ. ಕಾಯಿಲೆ ಉಳಿಯುತ್ತದೆ, ಒಳ್ಳೆಯ ಕರುಳು ಸುಡುತ್ತದೆ. ಆದ್ದರಿಂದಲೇ ದಿನವೂ ಅಷ್ಟೇ ನೀರು, ಅಷ್ಟೇ ಹೊತ್ತು. ತುಂಬಿದ ಮೂತ್ರಕೋಶದಿಂದ ಇನ್ನೊಂದು ಲಾಭವೂ ಇದೆ: ಸಣ್ಣ ಕರುಳನ್ನು ಮೇಲಕ್ಕೆತ್ತಿ ಕಿರಣದ ದಾರಿಯಿಂದ ಆಚೆ ಇಡುತ್ತದೆ.

ದಿನವೂ ನೋಡಿ ಗುರಿ ಹಿಡಿಯುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ? ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು ಆಪರೇಷನ್ ಆದ 300 ಹೆಣ್ಣುಮಕ್ಕಳಲ್ಲಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಹಳೆಯ ಪದ್ಧತಿಯಲ್ಲಿ ಚಿಕಿತ್ಸೆ ಪಡೆದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ಸುಮಾರು 42 ಮಂದಿಗೆ ಕರುಳಿನ ತೊಂದರೆ ಉಳಿದುಕೊಂಡಿತು. ಚಿತ್ರ ತೆಗೆದು ನೋಡಿ, ಕಿರಣವನ್ನು ಆಕಾರಕ್ಕೆ ತಕ್ಕಂತೆ ತಿದ್ದಿ ಕೊಟ್ಟವರಲ್ಲಿ ಸುಮಾರು 21 ಮಂದಿಗೆ. ಅರ್ಧಕ್ಕರ್ಧ! ಮೇಜಿನಿಂದ ಇಳಿಸಿ ಕಳಿಸಿದ್ದು ಉದಾಸೀನವಲ್ಲ, ಜೋಪಾನ ಎಂದು ಅಕ್ಕನಿಗೆ ಆಗ ಅರ್ಥವಾಯಿತು.

ಇಲ್ಲಿ ನಮ್ಮ ಹೆಣ್ಣುಮಕ್ಕಳ ಒಂದು ಅಭ್ಯಾಸದ ಮಾತು ಹೇಳಲೇಬೇಕು. ಹೊಲಕ್ಕೆ ಹೋಗುವಾಗ, ಬಸ್ಸಿನಲ್ಲಿ ದೂರ ಹೋಗುವಾಗ ನೀವು ನೀರನ್ನೇ ಕುಡಿಯುವುದಿಲ್ಲ. ಹೋಗಲು ಮರೆಯಾದ ಜಾಗ ಸಿಗದು ಎಂಬ ಕಾರಣಕ್ಕೆ ಬೆಳಗಿನಿಂದ ಒಣಗಿಕೊಂಡು ಇರುತ್ತೀರಿ. ಅಕ್ಕನೂ ಹಾಗೆಯೇ. ಒಣಗಿದ ಮೈ ಅರ್ಧ ಲೀಟರ್ ನೀರನ್ನು ಮೊದಲು ತಾನು ಹೀರಿಕೊಳ್ಳುತ್ತದೆ. ಮೂತ್ರಕೋಶಕ್ಕೆ ಇಳಿಯುವುದು ನಿಧಾನ. ಬೇಸಿಗೆಯಲ್ಲಿ ಒಣಗಿದ ಕೆರೆಗೆ ಮೊದಲ ಮಳೆ ಬಿದ್ದ ಹಾಗೆ. ಹಿಂದಿನ ದಿನದಿಂದಲೇ ಚೆನ್ನಾಗಿ ನೀರು ಕುಡಿಯುತ್ತ ಬಂದವರಿಗೆ ಒಂದು ಗಂಟೆಯಲ್ಲಿ ತುಂಬುತ್ತದೆ. ಇದನ್ನು ಪಾಲಿಸಿದ ಮೇಲೆ ಮೂತ್ರಕೋಶ ತುಂಬಿಲ್ಲವೆಂದು ಆಕೆಯನ್ನು ಇಳಿಸಿದ್ದು ಒಂದೇ ಒಂದು ಸಲ.

ವಾಯುವಿನ ವಿಷಯ: ವಿಕಿರಣದಿಂದ ಕರುಳಿನ ಒಳಪದರ ಸೊರಗಿದಾಗ ಹಾಲಿನ ಸಕ್ಕರೆ ಕೆಲವರಿಗೆ ಜೀರ್ಣವಾಗುವುದಿಲ್ಲ. ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಅಂಥವರಿಗೆ ಆ ಕೆಲವು ವಾರ ಹಾಲು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದರೆ ದಯವಿಟ್ಟು ಕೇಳಿ. ಹಾಲು ಒಕ್ಕೂಟದ ನೌಕರನೇ ಹಾಲು ಕುಡಿಯಬೇಡಿ ಅನ್ನುತ್ತಾನಲ್ಲ ಎಂದು ಅಧ್ಯಕ್ಷರು ನನ್ನ ಕಡೆ ನೋಡುತ್ತಿದ್ದಾರೆ. ಚಿಕಿತ್ಸೆ ಮುಗಿದು ಹೊಟ್ಟೆ ಸುಧಾರಿಸಿದ ಮೇಲೆ ಕುಡಿಯಲಿ ಬಿಡಿ.

ನಾಲ್ಕನೆಯ ವಾರದಲ್ಲಿ ಅಕ್ಕನಿಗೆ ಮತ್ತೊಮ್ಮೆ ಪೂರ್ತಿ ಸ್ಕ್ಯಾನ್ ಮಾಡಿದರು. ಕಾಯಿಲೆ ಹೆಚ್ಚಾಗಿದೆಯೇನೋ ಎಂದು ಮನೆಯವರು ಗಾಬರಿಯಾದರು. ವಿಷಯ ಉಲ್ಟಾ: ಗಡ್ಡೆ ಕರಗಿತ್ತು. ಗಡ್ಡೆ ಕುಗ್ಗಿದರೆ ಸುತ್ತಲಿನ ಅಂಗಗಳ ಜಾಗವೂ ಬದಲಾಗುತ್ತದೆ. ಹಳೆಯ ಲೆಕ್ಕ ಹೊಂದುವುದಿಲ್ಲ, ಹೊಸದಾಗಿ ಹಾಕಬೇಕು. ಕರು ಹಾಕಿದ ಹಸುವಿಗೆ ಹಾಲು ಏರಿಳಿದ ಹಾಗೆ ಹಿಂಡಿಯ ಲೆಕ್ಕ ಬದಲಿಸುವುದಿಲ್ಲವೇ, ಹಾಗೆ. ನೆದರ್‌ಲ್ಯಾಂಡ್ಸ್ ದೇಶದ ರಾಟರ್‌ಡ್ಯಾಮ್‌ನಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಮೂತ್ರಕೋಶ ಖಾಲಿ ಇದ್ದಾಗ ಒಂದು, ತುಂಬಿದಾಗ ಒಂದು ಸ್ಕ್ಯಾನ್ ತೆಗೆದು, ಒಂದಕ್ಕಿಂತ ಹೆಚ್ಚು ಲೆಕ್ಕಗಳನ್ನು ಮೊದಲೇ ಸಿದ್ಧಪಡಿಸಿ, ಆಯಾ ದಿನ ನೋಡಿ ಹೊಂದುವುದನ್ನು ಆರಿಸಿಕೊಳ್ಳುತ್ತಾರೆ.

ಇನ್ನು ಪ್ರೋಟಾನ್ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಲ್ಲಿ ದೊಡ್ಡ ಜಗಳವಾದದ್ದು ಇದಕ್ಕೇ.

ಅಕ್ಕನ ಮಗ ಓದಿದವನು. ಮೊಬೈಲಿನಲ್ಲಿ ನೋಡಿ, "ಮಾವ, ಪ್ರೋಟಾನ್ ಅಂತ ಬಂದೈತೆ, ಪಕ್ಕದ ಅಂಗಕ್ಕೆ ಏನೂ ಆಗಲ್ವಂತೆ. ಚೆನ್ನೈಗೆ ಹೋಗಾಣ. ಹಸ ಮಾರಿ, ಎರಡೆಕರೆ ಕೊಟ್ರಾತು" ಎಂದ. ತಾಯಿಯ ಮೇಲಿನ ಪ್ರೀತಿಯ ಮಾತು ಅದು. ತಪ್ಪೆನ್ನಲಾರೆ. ನಾನು ವಿಕಿರಣ ತಜ್ಞರೊಬ್ಬರನ್ನು ಕೇಳಿ ತಿಳಿದುಕೊಂಡದ್ದನ್ನು ಅವನಿಗೆ ಹೇಳಿದಂತೆಯೇ ತಮಗೂ ಹೇಳುತ್ತೇನೆ.

ಎಕ್ಸ್‌ರೇ ಕಿರಣ ಮೈಯ ಒಂದು ಕಡೆಯಿಂದ ಹೊಕ್ಕು, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಸುಟ್ಟು, ಇನ್ನೊಂದು ಕಡೆಯಿಂದ ಹೊರಬರುತ್ತದೆ. ಪ್ರೋಟಾನ್ ಕಣ ಹಾಗಲ್ಲ. ದಾರಿಯಲ್ಲಿ ಕಡಿಮೆ ಶಕ್ತಿ ಬಿಟ್ಟು, ನಿಲ್ಲುವ ಜಾಗದಲ್ಲಿ ಬಹುಪಾಲು ಸುರಿದು ಅಲ್ಲಿಗೇ ಮುಗಿಯುತ್ತದೆ. ನಡುವೆ ಒಬ್ಬಿಬ್ಬರನ್ನು ಇಳಿಸಿ, ಕೊನೆಯ ಸ್ಟಾಪಿನಲ್ಲಿ ಎಲ್ಲರನ್ನೂ ಇಳಿಸುವ ಬಸ್ಸಿನಂತೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ಅಮೆರಿಕದ ರಾಬರ್ಟ್ ವಿಲ್ಸನ್ 1946ರಲ್ಲೇ ಬರೆದಿದ್ದರು. ನಮ್ಮ ದೇಶದ ಮೊದಲ ಪ್ರೋಟಾನ್ ಕೇಂದ್ರ 2019ರಲ್ಲಿ ಚೆನ್ನೈನ ಅಪೋಲೋದಲ್ಲಿ ಆಯಿತು. 2023ರಲ್ಲಿ ಟಾಟಾ ಸ್ಮಾರಕ ಕೇಂದ್ರದವರು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಆರಂಭಿಸಿದರು. ಮಕ್ಕಳ ಗಡ್ಡೆ, ಮಿದುಳಿನ ಬುಡದ ಗಡ್ಡೆಗಳಿಗೆ ಇದು ದೊಡ್ಡ ವರವೇ ಸರಿ.

ಆದರೆ ಬಸ್ಸು ಎಲ್ಲಿ ನಿಲ್ಲಬೇಕೆಂಬುದು ದಾರಿಯ ಮೇಲೆ ನಿಂತಿದೆ. ಪ್ರೋಟಾನ್ ಎಷ್ಟು ಆಳಕ್ಕೆ ಹೋಗುತ್ತದೆಂಬುದು ಅದು ಹಾಯುವ ವಸ್ತುವಿನಿಂದ ತೀರ್ಮಾನವಾಗುತ್ತದೆ. ಮಾಂಸ, ನೀರು, ಮೂಳೆ ಇದ್ದರೆ ಬೇಗ ನಿಲ್ಲುತ್ತದೆ; ಗಾಳಿ ಇದ್ದರೆ ನಿಲ್ಲದೆ ಮುಂದೆ ಹೋಗುತ್ತದೆ. ನಿನ್ನೆ ಕರುಳಿನಲ್ಲಿ ಮಲವಿತ್ತು, ಇಂದು ವಾಯುವಿದೆ ಎಂದುಕೊಳ್ಳಿ: ಗಡ್ಡೆಯ ಬಳಿ ನಿಲ್ಲಬೇಕಾದದ್ದು ಅದನ್ನು ದಾಟಿ ಹಿಂದಿನ ಅಂಗಕ್ಕೆ ಹೋಗಿ ಸುರಿಯುತ್ತದೆ. ವಾಯುವಿದ್ದ ಕಡೆ ತುಂಬಿದ ಮೂತ್ರಕೋಶ ಬಂದರೆ ಗಡ್ಡೆಗೆ ಮುಟ್ಟುವ ಮುಂಚೆಯೇ ನಿಂತುಬಿಡುತ್ತದೆ. ಎಕ್ಸ್‌ರೇಗೆ ಸ್ವಲ್ಪ ತಪ್ಪು ಸಹಿಸುವ ಗುಣವಿದೆ. ಪ್ರೋಟಾನ್ ಬಲು ಕರಾರುವಾಕ್ಕು. ಅದರ ಒಳ್ಳೆಯ ಗುಣವೇ ಇಲ್ಲಿ ತೊಡಕು. ಅಲುಗದ ಮಿದುಳಿಗೆ ಒಗ್ಗಿದಷ್ಟು ಸುಲಭವಾಗಿ ಅಲುಗುವ ಗರ್ಭಕೋಶಕ್ಕೆ ಒಗ್ಗುವುದಿಲ್ಲ. ಆದ್ದರಿಂದ ದಿನದಿನವೂ ನೋಡಿ ಲೆಕ್ಕ ಬದಲಿಸುತ್ತ ಪ್ರೋಟಾನ್ ಕೊಡುವುದನ್ನು ನೆದರ್‌ಲ್ಯಾಂಡ್ಸ್‌ನವರು ಸಣ್ಣ ಅಧ್ಯಯನವಾಗಿ ಕೈಗೊಂಡಿದ್ದಾರೆ. ಕರುಳು, ಮೂಳೆಯ ಮಜ್ಜೆ ಉಳಿಯಬಹುದೆಂಬ ಆಸೆ ಅವರದು. ಆದರೆ ಗರ್ಭಕಂಠದ ಕ್ಯಾನ್ಸರಿಗೆ ಅದು ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ.

ಮತ್ತೊಂದು ಕಡೆ, ನಮಗೆ ಸಿಗುವ ಚಿಕಿತ್ಸೆ ಪರೀಕ್ಷೆಯಾಗಿ ಗಟ್ಟಿಯಾದದ್ದು. ಟಾಟಾ ಸ್ಮಾರಕ ಕೇಂದ್ರದವರು ಕಾಯಿಲೆ ಬಹಳ ಮುಂದುವರಿದಿದ್ದ 850 ಹೆಣ್ಣುಮಕ್ಕಳ ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ವಿಕಿರಣದ ಜೊತೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಪಡೆದವರಲ್ಲಿ ನೂರಕ್ಕೆ 54 ಮಂದಿ ಐದು ವರ್ಷದ ನಂತರವೂ ಬದುಕಿದ್ದರು. ಬರಿಯ ವಿಕಿರಣ ಪಡೆದವರಲ್ಲಿ 46. ಇನ್ನೂ ಬೇಗ ಬಂದವರಿಗೆ ಫಲ ಇದಕ್ಕಿಂತ ಚೆನ್ನಾಗಿರುತ್ತದೆ. ಚೆನ್ನೈಗೆ ಹೋಗಿ, ವಿಚಾರಿಸಿ, ಹಣ ಹೊಂದಿಸುವಷ್ಟರಲ್ಲಿ ಆ 8 ವಾರದಲ್ಲಿ ಎಷ್ಟು ವಾರ ಉರುಳುತ್ತಿತ್ತು? ಅಳಿಯನಿಗೆ ಈ ಪ್ರಶ್ನೆ ಕೇಳಿದೆ. ಹಸು ಉಳಿಯಿತು, ಎರಡೆಕರೆಯೂ ಉಳಿಯಿತು. ಅವನು ನನ್ನೊಂದಿಗೆ ಹದಿನೈದು ದಿನ ಸರಿಯಾಗಿ ಮಾತಾಡಲಿಲ್ಲ.

ಹೊರಗಿನ ವಿಕಿರಣ ಮುಗಿದ ಮೇಲೆ ಒಳಗಿನದು. ಬಹಳ ಮಂದಿ ಹೆದರಿ ಇದನ್ನೇ ತಪ್ಪಿಸಿಕೊಳ್ಳುತ್ತಾರೆ. ತಪ್ಪಿಸಿಕೊಳ್ಳಬಾರದು. ಮತ್ತು ಬರಿಸಿ ಅಥವಾ ಅರಿವಳಿಕೆ ಕೊಟ್ಟು ಸಣ್ಣ ನಳಿಗೆಯನ್ನು ಗರ್ಭಕಂಠದೊಳಗೇ ಇಟ್ಟು, ಅದರ ಮೂಲಕ ವಿಕಿರಣದ ಚಿಕ್ಕ ಬೀಜವನ್ನು ಕೆಲವು ನಿಮಿಷ ಒಳಗೆ ಕಳಿಸಿ ವಾಪಸು ತೆಗೆಯುತ್ತಾರೆ. ಗರ್ಭಕಂಠ ಎತ್ತ ಸರಿದರೂ ನಳಿಗೆ ಜೊತೆಯಲ್ಲೇ ಸರಿಯುತ್ತದೆ. ಗುರಿ ತಪ್ಪುವ ಮಾತು ಬಹುಮಟ್ಟಿಗೆ ಇಲ್ಲ. ನಾವು ಕೈಯಲ್ಲಿ ಹಿಡಿದು ಗನ್ ತೂರಿಸುವ ಕೆಲಸಕ್ಕೆ ಹತ್ತಿರವಾದದ್ದು ಇದೇ.

ಇನ್ನು 'ರೇಡಿಯೇಷನ್' ಎಂಬ ಹೆಸರಿನ ಭಯ. ಉಳ್ಳಾರ್ತಿ ಕಾವಲಿನವರಿಗೆ ಈ ಪದ ಹೊಸದಲ್ಲ. ತಲೆತಲಾಂತರದಿಂದ ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನಲ್ಲಿ 1,810 ಎಕರೆ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಹುಲ್ಲು ಹೋದ ನೋವು ನನಗೂ ಗೊತ್ತಿದೆ. ಮೇವಿನ ಲೆಕ್ಕ ಬರೆಯುವವನು ನಾನೇ ತಾನೆ. ಅದೇ ಕೇಂದ್ರದವರು ಭಾಭಾಟ್ರಾನ್ ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರ ತಯಾರಿಸಿ, ಕಡಿಮೆ ಖರ್ಚಿನಲ್ಲಿ ಕ್ಯಾನ್ಸರ್ ಚಿಕಿತ್ಸೆ ಆಗುವಂತೆಯೂ ಮಾಡಿದ್ದಾರೆ. ಎರಡೂ ಇದ್ದ ಸಂಗತಿಯೇ.

ಒಂದು ಊರಿನ ಸಂಘದಲ್ಲಿ (ಹೆಸರು ಬೇಡ) ವಿಕಿರಣ ಚಿಕಿತ್ಸೆ ಮುಗಿಸಿ ಬಂದ ಹೆಣ್ಣುಮಗಳು ಕರೆದ ಹಾಲನ್ನು ಬೇರೆ ಇಡಿಸಿದರಂತೆ. ಇದು ಶುದ್ಧ ತಪ್ಪು. ಹೊರಗಿನ ಕಿರಣ ಬಲ್ಬಿನ ಬೆಳಕಿನಂತೆ. ಸ್ವಿಚ್ ಆರಿಸಿದರೆ ಮೈಯಲ್ಲಿ ಏನೂ ಉಳಿಯುವುದಿಲ್ಲ. ಒಳಗಿಟ್ಟ ಬೀಜವನ್ನು ಅಲ್ಲೇ ಹೊರಗೆ ತೆಗೆದಿರುತ್ತಾರೆ. ಆಕೆ ಹಾಲು ಕರೆಯಬಹುದು, ಮಗುವನ್ನು ಎತ್ತಿಕೊಳ್ಳಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು. ಕಾರ್ಯದರ್ಶಿಗಳು ಹಾಲಿನ ಕೊಬ್ಬು, ಡಿಗ್ರಿ ನೋಡಲಿ. ಕರೆದವಳ ಚೀಟಿ ನೋಡಬೇಕಿಲ್ಲ.

ಎಚ್ಚರ ಬೇಕಾಗಿರುವುದು ಆಕೆಯಿಂದ ನಮಗಲ್ಲ, ಕೊಟ್ಟಿಗೆಯಿಂದ ಆಕೆಗೆ. ಸಿಸ್‌ಪ್ಲಾಟಿನ್ ನಡೆಯುವ ವಾರಗಳಲ್ಲಿ ಬಿಳಿ ರಕ್ತಕಣ ಇಳಿಯಬಹುದು, ಸೋಂಕು ಬೇಗ ತಗಲುತ್ತದೆ. ಆ ದಿನಗಳಲ್ಲಿ ಸಗಣಿ ಬಾಚುವುದು ಬೇರೆಯವರಿಗಿರಲಿ. ಹಸು ಕಂದು ಹಾಕಿದ್ದರೆ, ಮಾಸು ಬಿದ್ದಿರದಿದ್ದರೆ ಆಕೆ ಹತ್ತಿರವೂ ಹೋಗಬಾರದು. ಕಂದು ರೋಗವಿದ್ದರೆ ಮನುಷ್ಯರಿಗೂ ಹತ್ತುತ್ತದೆ. ಹಸಿ ಹಾಲು ಯಾರೂ ಕುಡಿಯಬೇಡಿ, ಆಕೆಯಂತೂ ಬೇಡವೇ ಬೇಡ.

ಹಸು ಕರೆಯುವವರಿಲ್ಲ ಎಂಬುದು ಸಣ್ಣ ಕಾರಣವಲ್ಲ. ಅಕ್ಕನ ಹಸು ಹೊಸ ಕೈಗೆ ಸೊರ ಬಿಡದೆ ಒಂಬತ್ತು ಲೀಟರಿನಿಂದ ಆರಕ್ಕೆ ಇಳಿಯಿತು. ಚಿಕಿತ್ಸೆಗೆ ಹೋಗುವ ಒಂದು ವಾರ ಮೊದಲೇ ಸೊಸೆಯೋ ನೆರೆಯವರೋ ಆಕೆಯ ಜೊತೆ ಕೂತು ಕರೆದು ಅಭ್ಯಾಸ ಮಾಡಿಸಿದ್ದರೆ ಅಷ್ಟು ಇಳಿಯುತ್ತಿರಲಿಲ್ಲ. ಇದನ್ನು ನಾನೇ ಮೊದಲು ಯೋಚಿಸಬೇಕಿತ್ತು. ಖರ್ಚಿನ ಮಾತಿಗೆ ಬಂದರೆ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ವಿಕಿರಣ ಚಿಕಿತ್ಸೆ ಅದರಲ್ಲಿ ಸೇರಿದೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಮೊದಲ ದಿನವೇ ಕಾಣಿ, ಪಡಿತರ ಚೀಟಿ ಜೊತೆಯಲ್ಲಿರಲಿ.

ಅಕ್ಕನ ಚಿಕಿತ್ಸೆ ಐವತ್ತಮೂರನೆಯ ದಿನಕ್ಕೆ ಮುಗಿಯಿತು. ಈಗ ಮೂರು ತಿಂಗಳಿಗೊಮ್ಮೆ ತೋರಿಸಿ ಬರುತ್ತಾಳೆ. ಮೊನ್ನೆಯದರಲ್ಲಿ ಕಾಯಿಲೆ ಕಂಡಿಲ್ಲ. ಮುಂದಿನದು ಬರುವ ತಿಂಗಳಿದೆ.

ಮೂವತ್ತು ದಾಟಿದ ತಾಯಂದಿರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠದ ತಪಾಸಣೆಯ ಬಗ್ಗೆ ಕೇಳಿ. ವಿನಿಗರಿನಂಥ ದ್ರಾವಣ ಸವರಿ, ಒಂದು ನಿಮಿಷ ಬಿಟ್ಟು, ಬಿಳಿ ಮಚ್ಚೆ ಏಳುತ್ತದೆಯೇ ಎಂದು ಬರಿಗಣ್ಣಿನಲ್ಲಿ ನೋಡುತ್ತಾರೆ, ಅಷ್ಟೇ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿ ಹೋದರೆ ತಪಾಸಣೆಗೂ ಕಾಯದೆ ಡಾಕ್ಟರ ಹತ್ತಿರ ಹೋಗಿ. ಮನೆಯ ಗಂಡಸರಿಗೆ ಒಂದು ಮಾತು: ನಿಮ್ಮ ಹಸು ಬೆದೆಗೆ ಬಂದು ಎಷ್ಟು ದಿನವಾಯಿತೆಂದು ಕೇಳಿದರೆ ತಾರೀಖು ಸಮೇತ ಹೇಳುತ್ತೀರಿ. ಇವತ್ತು ರಾತ್ರಿ ಮನೆಯಲ್ಲಿ ಒಂದು ಮಾತು ವಿಚಾರಿಸಿ.

ಸಭೆ ಮುಗಿದ ಮೇಲೆ ನಾನು ಸಂಘದ ಕಟ್ಟಡದ ಹಿಂದೆ ಜಾಲಿ ಮರದ ಕೆಳಗೆ ಇರುತ್ತೇನೆ. ಗರ್ಭ ತಪಾಸಣೆಗೆ ಹೊಡೆದುಕೊಂಡು ಬಂದ ರಾಸುಗಳನ್ನು ಅಲ್ಲಿಗೆ ತನ್ನಿ. ಬೇರೆ ಏನಾದರೂ ಕೇಳುವುದಿರುವ ತಾಯಂದಿರು ಕೊನೆಯಲ್ಲಿ ಬನ್ನಿ, ನನ್ನ ಹೆಂಡತಿಯೂ ಜೊತೆಯಲ್ಲಿ ಬಂದಿದ್ದಾಳೆ.